ಗಣಪ್ಪನ ವರದಿ ಬೇರೆ, ಜೋಕಪ್ಪನ ವರದಿ ಬೇರೆ!

ಭಾದ್ರಪದ ಬಂತೆಂದರೆ ಉತ್ತರ ಕರ್ನಾಟಕದ ಊರುಗಳಲ್ಲಿ ಮಣ್ಣಿಗೆ ಎರಡು ಸಲ ಜೀವ ಬರುತ್ತದೆ. ಚೌತಿಗೆ ಗಣಪ್ಪ, ನಾಲ್ಕು ದಿನ ಕಳೆದು ಅಷ್ಟಮಿಗೆ ಜೋಕುಮಾರ. ಒಬ್ಬನಿಗೆ ಪೆಂಡಾಲು, ಲೈಟಿನ ಸರ, ಬ್ಯಾಂಡು. ಇನ್ನೊಬ್ಬನಿಗೆ ಒಂದು ಬಿದಿರು ಬುಟ್ಟಿ, ಒಂದಿಷ್ಟು ಬೇವಿನ ಸೊಪ್ಪು. ಅಷ್ಟೇ.

ಹಲವು ಊರುಗಳಲ್ಲಿ ಜೋಕುಮಾರ ಹುಟ್ಟುವುದು ಕುಂಬಾರರ ಮನೆಯಲ್ಲಿ. ಅಗಲ ಮುಖ, ದೊಡ್ಡ ಕಣ್ಣು, ಹುರಿ ಮೀಸೆ, ತೆರೆದ ಬಾಯಿ. ಗಡಿಗೆಯಂತೆ ಇವನನ್ನು ಸುಡುವುದಿಲ್ಲ. ಏಳು ದಿನದ ಬಾಳಿಗೆ ಹಸಿ ಮಣ್ಣೇ ಸಾಕು. ಬಾಯಿಗೆ ಬೆಣ್ಣೆ ಮೆತ್ತಿ, ಬುಟ್ಟಿಯಲ್ಲಿ ಕೂಡಿಸಿ, ಅಂಬಿಗರ, ಬಾರಿಕರ ಮನೆಯ ಹೆಣ್ಣುಮಕ್ಕಳು ತಲೆ ಮೇಲೆ ಹೊತ್ತು ಮನೆ ಮನೆ ತಿರುಗುತ್ತಾರೆ. ಹಾಡು ಹೇಳುತ್ತಾರೆ. ಮನೆಯವರು ಮೊರದಲ್ಲಿ ಜೋಳ, ಉಪ್ಪು, ಮೆಣಸಿನಕಾಯಿ ತಂದು ಹಾಕುತ್ತಾರೆ. ತಿರುಗಿ ಸಿಗುವುದು ಬೇವಿನೆಲೆ, ಹಿಡಿ ನುಚ್ಚು. ರೈತ ಅದನ್ನು ಅಂಬಲಿಯಲ್ಲಿ ಕಲಸಿ ಹೊಲಕ್ಕೆ ಚರಗ ಚೆಲ್ಲುತ್ತಾನೆ. ಹುಳ ಬೀಳಬಾರದು, ಪೈರಿನ ರೋಗ ವಾಸಿಯಾಗಬೇಕು ಎಂಬ ನಂಬಿಕೆ. ಮಕ್ಕಳಾಗದವರೂ ಇವನಿಗೆ ಹರಕೆ ಹೊರುತ್ತಾರೆ.

ಮೇಲಿನವನಿಗೆ ಸುದ್ದಿ

ಜನ ಹೇಳುವ ಕಥೆ ಸ್ವಾರಸ್ಯದ್ದು. ಗಣಪ್ಪ ಕಡುಬು, ಹೋಳಿಗೆ ಉಂಡು ಕೈಲಾಸಕ್ಕೆ ಹೋಗಿ, ಭೂಮಿಯಲ್ಲಿ ಎಲ್ಲಾ ಸುಭಿಕ್ಷ ಅಂತ ಹೇಳುತ್ತಾನೆ. ಜೋಕುಮಾರ ಹಾಗಲ್ಲ. ಹೊಸ್ತಿಲು ಹೊಸ್ತಿಲು ತಿರುಗಿದವನು. ಯಾರ ಮನೆಯ ಕಣಜ ಬರಿದು, ಯಾರ ಹೊಲ ಒಣಗಿದೆ ಎಂಬುದನ್ನು ಕಣ್ಣಾರೆ ಕಂಡವನು. ಅವನು ಹೋಗಿ ಇದ್ದದ್ದು ಇದ್ದಂತೆ ಹೇಳಿದ ಮೇಲೇ ಮಳೆ! ಊರಿನ ಕಷ್ಟವನ್ನು ನೆನಪಿಟ್ಟು ಮೇಲಕ್ಕೆ ಮುಟ್ಟಿಸುವವನು ಈ ಮಣ್ಣಿನ ಹುಡುಗ.

ಸಾವೂ ಘೋರ. ಅಗಸರ ಹುಡುಗಿಯನ್ನು ಕೆಣಕಿ ಅವರ ಕೈಯಲ್ಲಿ ಸತ್ತ ಎಂದು ಕಥೆ. ಹುಣ್ಣಿಮೆಯ ರಾತ್ರಿ ಬಟ್ಟೆ ಒಗೆಯುವ ಬಂಡೆಯ ಬಳಿ ಅವನ ಬಾಳು ಮುಗಿಯುತ್ತದೆ. ಆಮೇಲೆ ಮೂರು ದಿನ ಅಲ್ಲಿ ಬಟ್ಟೆ ಒಗೆಯುವುದಿಲ್ಲ. ಕೆಲವು ಕಡೆ ತಿಥಿಯೂ ಉಂಟು. ಮಣ್ಣು ಮಣ್ಣಿಗೇ ಸೇರುತ್ತದೆ.

ಮುಂದೆ ಯಾರು?

ಚಂದ್ರಶೇಖರ ಕಂಬಾರರು 1972ರಲ್ಲಿ 'ಜೋಕುಮಾರಸ್ವಾಮಿ' ನಾಟಕ ಕೊಟ್ಟ ಮೇಲೆ ಪೇಟೆಯ ಜನವೂ ಇವನನ್ನು ಕಂಡರು. ಆದರೆ ರಂಗದ ಮೇಲೆ ಬಿದ್ದ ಚಪ್ಪಾಳೆಯಿಂದ ಹಳ್ಳಿಯ ತಿಗರಿ ತಿರುಗುವುದಿಲ್ಲ. ಗಡಿಗೆಯ ಜಾಗಕ್ಕೆ ಪ್ಲಾಸ್ಟಿಕ್ ಕೊಡ, ಸ್ಟೀಲಿನ ಪಾತ್ರೆ ಬಂದು ಕೂತಿವೆ. ವರ್ಷವಿಡೀ ಕೆಲಸವಿಲ್ಲದ ಕುಂಬಾರ ಒಂದು ಜೋಕಪ್ಪನಿಗಾಗಿ ಎಷ್ಟು ದಿನ ಮಣ್ಣು ತುಳಿದಾನು?

ಬುಟ್ಟಿ ಹೊರುವವರ ಮಾತೂ ಇದೆ. ಜಾತಿಯ ಹೆಸರಿನಲ್ಲಿ ಮನೆ ಮನೆ ಬೇಡುವ ಕೆಲಸ ನಮಗೇಕೆ ಎಂದು ಶಾಲೆ ಕಲಿತ ಮಗಳು ಕೇಳಿದರೆ ತಪ್ಪೇನು? ಒತ್ತಾಯ ಸಲ್ಲದು. ಆದರೆ ಹೊತ್ತವರನ್ನು ಭಿಕ್ಷುಕರಂತೆ ಕಾಣುವುದೂ ಸಲ್ಲದು.

ಈ ಸಲ ಬುಟ್ಟಿ ಅಂಗಡಿ ಮುಂದೆ ಬಂದಾಗ "ಮುಂದಕ್ಕೆ ಹೋಗ್ರಿ" ಎನ್ನುವ ಮೊದಲು ಒಂದು ಘಳಿಗೆ ನಿಂತು ಹಾಡು ಕೇಳಿರಿ. ಹಿಡಿ ಜೋಳ ಹಾಕಿರಿ. ಜೋಕಪ್ಪ ಎಲ್ಲವನ್ನೂ ನೋಡಿಕೊಂಡೇ ಹೋಗುತ್ತಾನೆ. ವರದಿ ಆಮೇಲೆ!