ಬೀದಿದೀಪಗಳ ಬಾಳಿಕೆ: ಖರೀದಿಗೆ ಮುನ್ನ ಡ್ರೈವರ್ ಸರ್ಕಿಟ್ ಕುರಿತು ಗಮನಿಸಬೇಕಾದ ಅಂಶಗಳು

ಗ್ರಾಮ ಪಂಚಾಯಿತಿಗಳ ಸಾಮಾನ್ಯ ಸಭೆಗಳಲ್ಲಿ ಪದೇ ಪದೇ ಕೇಳಿಬರುವ ದೂರುಗಳಲ್ಲಿ ಬೀದಿದೀಪವೂ ಒಂದು. ಹೊಸದಾಗಿ ಅಳವಡಿಸಿದ ಎಲ್‌ಇಡಿ ದೀಪವು ಒಂದೆರಡು ಮಳೆಗಾಲ ಕಳೆಯುವುದರೊಳಗೆ ಮಿನುಗತೊಡಗಿ, ಬಳಿಕ ಆರಿಹೋಗುತ್ತದೆ. ಬಲ್ಬ್ ಹೋಯಿತೆಂದು ಭಾವಿಸಿ ಇಡೀ ದೀಪವನ್ನೇ ಬದಲಾಯಿಸುವುದು ರೂಢಿಯಾಗಿದೆ. ಆದರೆ ಬೆಳಕು ಕೊಡುವ ಎಲ್‌ಇಡಿಗಳಿಗಿಂತ ಮೊದಲು ಕೆಡುವುದು ಸಾಮಾನ್ಯವಾಗಿ ಅವುಗಳಿಗೆ ವಿದ್ಯುತ್ ಒದಗಿಸುವ ಡ್ರೈವರ್ ಎಂಬ ಎಲೆಕ್ಟ್ರಾನಿಕ್ ಸರ್ಕಿಟ್. ಕಂಬದ ತಂತಿಯಿಂದ ಬರುವ 230 ವೋಲ್ಟ್ ಎ.ಸಿ. ವಿದ್ಯುತ್ತನ್ನು ಎಲ್‌ಇಡಿಗೆ ಒಗ್ಗುವ ಸ್ಥಿರ ಡಿ.ಸಿ. ಪ್ರವಾಹವಾಗಿ ಪರಿವರ್ತಿಸುವುದು ಇದರ ಕೆಲಸ. ದೀಪದ ಆಯುಷ್ಯವೆಂದರೆ ಬಹುಮಟ್ಟಿಗೆ ಡ್ರೈವರ್‌ನ ಆಯುಷ್ಯವೇ.

ಡ್ರೈವರ್‌ನ ಮೊದಲ ಶತ್ರು ಶಾಖ. ಅದರೊಳಗೆ ಸಣ್ಣ ಡಬ್ಬಿಯ ಆಕಾರದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಇರುತ್ತದೆ. ಇದರಲ್ಲಿರುವ ದ್ರವವು ಬಿಸಿಗೆ ನಿಧಾನವಾಗಿ ಆರುತ್ತ ಹೋಗುತ್ತದೆ. ಉಷ್ಣತೆ 10 ಡಿಗ್ರಿ ಇಳಿದರೆ ಇದರ ಆಯುಷ್ಯ ಇಮ್ಮಡಿಯಾಗುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಸ್ಥೂಲ ಲೆಕ್ಕ. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುವ ಕೆಪಾಸಿಟರ್ 85 ಡಿಗ್ರಿಯಲ್ಲಿ 8,000 ಗಂಟೆ ಬಾಳೀತು. ದಿನಕ್ಕೆ 12 ಗಂಟೆಯಂತೆ ಬೀದಿದೀಪ ವರ್ಷಕ್ಕೆ 4,380 ಗಂಟೆ ಉರಿಯುತ್ತದೆ. ಅಂದರೆ ಎರಡು ವರ್ಷವೂ ತುಂಬುವುದಿಲ್ಲ. ಅದೇ ಸ್ಥಳದಲ್ಲಿ 105 ಡಿಗ್ರಿಗೆ 10,000 ಗಂಟೆಯ ಕೆಪಾಸಿಟರ್ ಬಳಸಿದರೆ 40,000 ಗಂಟೆ, ಸುಮಾರು ಒಂಬತ್ತು ವರ್ಷ. ಹೊರನೋಟಕ್ಕೆ ಎರಡೂ ದೀಪಗಳು ಒಂದೇ. ಅಗ್ಗದ ದರದ ಗುಟ್ಟು ಅನೇಕ ವೇಳೆ ಈ ಡಬ್ಬಿಯಲ್ಲಿಯೇ ಅಡಗಿರುತ್ತದೆ.

ಎರಡನೆಯದು ವೋಲ್ಟೇಜ್. ಇಲ್ಲಿ ಎರಡು ಬಗೆಯ ಅಪಾಯಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ಅಶ್ವಿನಿ, ಭರಣಿ ಮಳೆಗಳ ಗುಡುಗು ಸಿಡಿಲಿಗೆ ತಂತಿಯಲ್ಲಿ ಕ್ಷಣಾರ್ಧದಲ್ಲಿ ಸಾವಿರಾರು ವೋಲ್ಟ್ ಹಾಯುತ್ತದೆ. ಇದನ್ನು ತಡೆಯುವುದು ಸರ್ಜ್ ಪ್ರೊಟೆಕ್ಟರ್. ಪ್ರತಿ ಹೊಡೆತಕ್ಕೂ ಅದು ತುಸು ಸವೆಯುವುದರಿಂದ, ಡ್ರೈವರ್‌ನ ಹೊರಗೆ ಪ್ರತ್ಯೇಕವಾಗಿ, ಬದಲಾಯಿಸಲು ಬರುವಂತೆ ಇರುವುದು ಒಳ್ಳೆಯದು. ಕಂಬಕ್ಕೆ ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ 10 ಕಿಲೋವೋಲ್ಟ್ ಪ್ರೊಟೆಕ್ಟರ್‌ಗೆ ಕೊಟ್ಟ ಹಣ ಬಹುಪಾಲು ವ್ಯರ್ಥ, ಏಕೆಂದರೆ ತಡೆದ ವಿದ್ಯುತ್ತು ಭೂಮಿಗೆ ಇಳಿಯಲು ದಾರಿಯೇ ಇರುವುದಿಲ್ಲ.

ಇನ್ನೊಂದು ಅಪಾಯ ನ್ಯೂಟ್ರಲ್ ತಂತಿ ಕಡಿಯುವುದು. ಆಗ 230 ವೋಲ್ಟ್ ಇರಬೇಕಾದ ಕಡೆ 300 ದಾಟಿ 400ರ ಸಮೀಪಕ್ಕೂ ಏರಬಹುದು, ಅದೂ ಗಂಟೆಗಟ್ಟಲೆ. ಒಂದೇ ರಾತ್ರಿ ಸಾಲಿನ ದೀಪಗಳೆಲ್ಲ ಒಟ್ಟಿಗೆ ಸುಟ್ಟುಹೋದರೆ ಸಿಡಿಲಿಗಿಂತ ಮೊದಲು ನ್ಯೂಟ್ರಲ್ ಅನ್ನು ಶಂಕಿಸಬೇಕು. ಸರ್ಜ್ ಪ್ರೊಟೆಕ್ಟರ್ ಇದಕ್ಕೆ ಉಪಾಯವಲ್ಲ. ಅದು ಕ್ಷಣಮಾತ್ರದ ಹೊಡೆತಕ್ಕೆ ರೂಪಿಸಿದ್ದು, ದೀರ್ಘಕಾಲ ಹೆಚ್ಚು ವೋಲ್ಟೇಜ್ ಬಂದರೆ ತಾನೇ ಸುಡುತ್ತದೆ. ಮಿತಿಮೀರಿದಾಗ ದೀಪವನ್ನು ಆರಿಸಿ, ವೋಲ್ಟೇಜ್ ಸರಿಹೋದ ಮೇಲೆ ತಾನಾಗಿ ಹೊತ್ತಿಸುವ ಹಾಗೂ 440 ವೋಲ್ಟ್ ಸಹಿಸುವ ಕಟ್-ಆಫ್ ವ್ಯವಸ್ಥೆ ಡ್ರೈವರ್‌ನಲ್ಲಿರಬೇಕು.

ನೀರು ಮತ್ತು ಧೂಳಿನ ವಿಷಯ ಇಷ್ಟು ಜಟಿಲವಲ್ಲ. ಐಪಿ 65 ಅಥವಾ 66 ದರ್ಜೆಯ ಕವಚ ಸಾಕು. ಆದರೆ ಕೇಬಲ್ ಒಳಹೋಗುವ ಗ್ಲ್ಯಾಂಡ್ ಅನ್ನು ಬಿಗಿಗೊಳಿಸದಿದ್ದರೆ ಯಾವ ದರ್ಜೆಯೂ ಉಳಿಯದು.

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಅನ್ವಯ ಟೆಂಡರ್ ಕರೆಯುವಾಗ ಕಡಿಮೆ ದರವನ್ನು ಹೋಲಿಸುವುದು ಅದೇ ಟೆಂಡರಿನಲ್ಲಿ ಬರೆದ ನಿರ್ದಿಷ್ಟತೆಗಳ ಚೌಕಟ್ಟಿನೊಳಗೆ. ‘ಉತ್ತಮ ಗುಣಮಟ್ಟದ 30 ವ್ಯಾಟ್ ಎಲ್‌ಇಡಿ ದೀಪ’ ಎಂದಷ್ಟೇ ಬರೆದರೆ ಕಳಪೆ ಡ್ರೈವರ್ ಅನ್ನು ತಿರಸ್ಕರಿಸಲು ಆಧಾರವೇ ಉಳಿಯುವುದಿಲ್ಲ. ಕೆಪಾಸಿಟರಿನ ಉಷ್ಣತೆ ಮತ್ತು ಗಂಟೆ, ಸರ್ಜ್ ಮಿತಿ, 440 ವೋಲ್ಟ್ ಸಹಿಷ್ಣುತೆ, ಡ್ರೈವರ್ ಸುರಕ್ಷತೆಗೆ ಸಂಬಂಧಿಸಿದ ಐಎಸ್ 15885 ಮಾನಕದ ಪ್ರಮಾಣಪತ್ರ, ಇವುಗಳನ್ನು ಸ್ಪಷ್ಟವಾಗಿ ನಮೂದಿಸಬೇಕು. ಡ್ರೈವರ್ ಪ್ರತ್ಯೇಕವಾಗಿದ್ದು ಕನೆಕ್ಟರ್ ಮೂಲಕ ಜೋಡಣೆಯಾಗಿರಬೇಕು ಎಂಬ ಷರತ್ತನ್ನು ಮರೆಯಬಾರದು. ಎಲ್‌ಇಡಿ ತಟ್ಟೆಯ ಮೇಲೆಯೇ ಡ್ರೈವರ್ ಬೆಸೆದಿರುವ ದೀಪಗಳಲ್ಲಿ ಒಂದು ಬಿಡಿಭಾಗ ಕೆಟ್ಟರೂ ಇಡೀ ತಟ್ಟೆ ತೆಗೆಯಬೇಕಾಗುತ್ತದೆ.

ಸರಬರಾಜಾದ ದೀಪಗಳಲ್ಲಿ ಒಂದನ್ನು ಮಾದರಿಯಾಗಿ ತೆಗೆದು ಕಚೇರಿಯಲ್ಲಿಯೇ ನಾಲ್ಕಾರು ಗಂಟೆ ಉರಿಸಿ ನೋಡಬಹುದು. ಡ್ರೈವರಿನ ಕವಚದ ಮೇಲೆ ‘ಟಿಸಿ’ ಎಂಬ ಗುರುತಿದ್ದು, ಆ ಬಿಂದುವಿನಲ್ಲಿ ಮೀರಬಾರದ ಉಷ್ಣತೆ ಅಚ್ಚಾಗಿರುತ್ತದೆ. ಸಾಮಾನ್ಯ ಕೋಣೆಯಲ್ಲಿಯೇ ಆ ಮಿತಿಯ ಹತ್ತಿರ ಬಂದರೆ ಬೇಸಿಗೆಯ ರಾತ್ರಿಯಲ್ಲಿ ಅದು ನಿಲ್ಲದು. ಕೆಪಾಸಿಟರಿನ ಮೇಲಿನ ಅಂಕಿಗಳನ್ನು ಓದಲು ಡ್ರೈವರ್ ಬಿಚ್ಚಿಸುವುದಾದರೆ ಅರ್ಹ ಎಲೆಕ್ಟ್ರಿಷಿಯನ್‌ರಿಂದಲೇ ಮಾಡಿಸತಕ್ಕದ್ದು. ಸಂಪರ್ಕ ತೆಗೆದ ಮೇಲೆಯೂ ಕೆಪಾಸಿಟರಿನಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ ಕೆಲಕಾಲ ಉಳಿದಿರುತ್ತದೆ.