ಕಬ್ಬಿನ ಟ್ರೇಲರ್ ರಾತ್ರಿ ಕೆಟ್ಟು ನಿಂತರೆ ಏನು ಮಾಡಬೇಕು?

ಹಂಗಾಮು ಶುರುವಾದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ರಸ್ತೆಗಳಲ್ಲಿ ಕಬ್ಬಿನ ಡಬಲ್ ಟ್ರೇಲರ್‌ಗಳದ್ದೇ ಸಾಲು. ಟೈರ್ ಒಡೆಯೋದು, ಕೊಂಡಿಯ ಪಿನ್ ಮುರಿಯೋದು ಹೊಸದೇನಲ್ಲ. ಅಪಾಯ ಇರುವುದು ಆಮೇಲೆ, ಕತ್ತಲಲ್ಲಿ ನಿಂತ ಟ್ರೇಲರ್‌ನಲ್ಲಿ.

ಟ್ರೇಲರ್‌ನ ಹಿಂದಿನ ದೀಪಕ್ಕೆ ಕರೆಂಟ್ ಬರುವುದು ಟ್ರ್ಯಾಕ್ಟರ್‌ನಿಂದ. ಚಾಲಕ ಇಂಜಿನ್ ಬಿಡಿಸಿಕೊಂಡು ಮೆಕ್ಯಾನಿಕ್ ಹುಡುಕಿ ಹೋದರೆ ಆ ದೀಪವೂ ಹೋಯಿತು. ರೇಡಿಯಂ ಪಟ್ಟಿ ಇದ್ದರೂ ಜೋತುಬಿದ್ದ ಕಬ್ಬಿನ ರವದಿ ಅದನ್ನು ಮುಚ್ಚಿರುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಬೈಕ್ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಎದುರು ವಾಹನದ ಲೈಟ್ ಕಣ್ಣಿಗೆ ಹೊಡೆದರಂತೂ ಟ್ರೇಲರ್ ಕಾಣೋದು ಗುದ್ದುವ ಹೊತ್ತಿಗೇ.

ಹಾಗಾಗಿ ಸಾಧ್ಯವಾದಷ್ಟು ರಸ್ತೆ ಬಿಟ್ಟು ಕೆಳಗಿಳಿಸಿ. ಹಿಂದೆ 50 ಮೀಟರ್ ದೂರದಲ್ಲಿ ಹೊಳೆಯುವ ತ್ರಿಕೋನ ಇಟ್ಟರೆ ಬೈಕ್ ಸವಾರನಿಗೆ ಮೂರು ಸೆಕೆಂಡ್ ಸಿಗುತ್ತದೆ. ಗಿಡದ ಟೊಂಗೆ ಇಟ್ಟರೆ ಸಾಕು ಅನ್ನೋರಿದ್ದಾರೆ. ರಾತ್ರಿ ಅದು ಯಾರಿಗೆ ಕಾಣಬೇಕು? ಬ್ಯಾಟರಿ ಹಿಡಿದು ಒಬ್ಬರು ಅಲ್ಲೇ ನಿಲ್ಲಲಿ, ಆದರೆ ರಸ್ತೆ ಮೇಲಲ್ಲ, ಪಕ್ಕದಲ್ಲಿ.

ತವಂದಿ ಘಾಟ್‌ನಂಥ ಇಳಿಜಾರಿನಲ್ಲಿ ಗಾಲಿಗಳಿಗೆ ಕಲ್ಲು ಕೊಡದೆ ಕೊಂಡಿ ಬಿಚ್ಚಲೇಬೇಡಿ. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ, ಬೇರೆ ಕಡೆ 112ಕ್ಕೆ ಫೋನ್ ಮಾಡಿ.

ರಸ್ತೆ ಬದಿಯ ಅಂಗಡಿಯವರು ಅಂಥ ರಾತ್ರಿ ಹೊರಗಿನ ಬಲ್ಬ್ ಹಾಗೇ ಉರಿಯಲು ಬಿಟ್ಟರೆ ದೊಡ್ಡ ಉಪಕಾರ. ರಿಪೇರಿ ಮುಗಿದು ಟ್ರೇಲರ್ ಹೊರಟ ಮೇಲೆ ಗಾಲಿಗೆ ಕೊಟ್ಟ ಕಲ್ಲು ರಸ್ತೆಯಲ್ಲೇ ಉಳಿದಿದ್ದರೆ ಪಕ್ಕಕ್ಕೆ ತೆಗೆದುಹಾಕಿ.