ಹೆಣ್ಣೆಂದು ಹೇಳುವ ಪರೀಕ್ಷೆ ಯಾವುದು?

2006ರ ಡಿಸೆಂಬರಿನಲ್ಲಿ ದೋಹಾದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದ 800 ಮೀಟರ್ ಓಟದಲ್ಲಿ ತಮಿಳುನಾಡಿನ ಶಾಂತಿ ಸೌಂದರರಾಜನ್ ಬೆಳ್ಳಿ ಪದಕ ಗೆದ್ದರು. ಪುದುಕ್ಕೋಟೈ ಜಿಲ್ಲೆಯ ಹಳ್ಳಿಯೊಂದರ ಇಟ್ಟಿಗೆಗೂಡಿನ ಕೂಲಿಕಾರರ ಮಗಳು ಆಕೆ. ಓಟ ಮುಗಿದ ಮೇಲೆ ಲಿಂಗ ಪರೀಕ್ಷೆ ನಡೆಯಿತು, ಪದಕ ಹೋಯಿತು. ಪರೀಕ್ಷೆಯ ಸುದ್ದಿ ಗುಟ್ಟಾಗಿ ಉಳಿಯಲಿಲ್ಲ, ದೇಶದ ಪತ್ರಿಕೆ, ಟಿ.ವಿ.ಗಳಲ್ಲೆಲ್ಲ ಬಂತು. ಆಕೆ ಯಾವ ಮದ್ದನ್ನೂ ಸೇವಿಸಿರಲಿಲ್ಲ, ಯಾರ ವೇಷವನ್ನೂ ಹಾಕಿರಲಿಲ್ಲ. ಹುಟ್ಟಿದಂದಿನಿಂದ ಹೆಣ್ಣುಮಗಳಾಗಿಯೇ ಬೆಳೆದವರು. 2012ರಲ್ಲಿ ಆಕೆ ಇಟ್ಟಿಗೆಗೂಡಿನಲ್ಲಿ ಕೂಲಿ ಮಾಡುತ್ತಿದ್ದ ಸುದ್ದಿ ಹೊರಬಂದ ಮೇಲೆ ಸರ್ಕಾರದ ಕಣ್ಣು ತೆರೆಯಿತು. ಮುಂದೆ ಆಕೆ ತರಬೇತುದಾರರಾದರು.

ನಮ್ಮಲ್ಲಿ ಲಿಂಗ ಪರೀಕ್ಷೆ ಎಂದೊಡನೆ ನೆನಪಾಗುವುದು ಗರ್ಭದ ಶಿಶುವಿನ ಲಿಂಗ ಪತ್ತೆ. ಅದು 1994ರ ಕಾಯ್ದೆಯ ಪ್ರಕಾರ ಅಪರಾಧ. ಇಲ್ಲಿ ಹೇಳುತ್ತಿರುವುದು ಬೇರೆ. ಬೆಳೆದು ನಿಂತ ಆಟಗಾರ್ತಿಯನ್ನು ‘ನೀನು ಹೆಣ್ಣು ಹೌದೋ ಅಲ್ಲವೋ’ ಎಂದು ಕೇಳುವ ಪರೀಕ್ಷೆ ಇದು. ಈ ಪ್ರಶ್ನೆಗೆ ಉತ್ತರ ಸುಲಭವೆಂದು ಹತ್ತನೆಯ ತರಗತಿ ಮುಗಿಸಿದ ಯಾರಿಗಾದರೂ ಅನಿಸುತ್ತದೆ. ಎರಡು ಎಕ್ಸ್ ವರ್ಣತಂತುಗಳಿದ್ದರೆ ಹೆಣ್ಣು, ಒಂದು ಎಕ್ಸ್ ಒಂದು ವೈ ಇದ್ದರೆ ಗಂಡು. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಇಷ್ಟು ಸಾಕು. ಬಹುಪಾಲು ಜನರ ವಿಷಯದಲ್ಲಿ ಇದು ಸರಿಯೂ ಹೌದು.

ಆದರೆ ವೈ ವರ್ಣತಂತು ಇದ್ದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅದರಲ್ಲಿ ಎಸ್.ಆರ್.ವೈ. ಎಂಬ ಒಂದು ವಂಶವಾಹಿ ಇದೆ. ಲಂಡನ್ನಿನ ವಿಜ್ಞಾನಿಗಳು 1990ರಲ್ಲಿ ಅದನ್ನು ಗುರುತಿಸಿದರು. ಗರ್ಭದಲ್ಲಿ ಕೆಲವು ವಾರಗಳ ತನಕ ಗಂಡು ಹೆಣ್ಣು ಎರಡರ ಭ್ರೂಣವೂ ಒಂದೇ ತೆರನಾಗಿರುತ್ತದೆ. ಆಮೇಲೆ ಎಸ್.ಆರ್.ವೈ. ಚಾಲನೆ ಕೊಟ್ಟರೆ ವೃಷಣ ಬೆಳೆಯುತ್ತದೆ. ವೃಷಣ ಟೆಸ್ಟೋಸ್ಟೀರಾನ್ ಹಾರ್ಮೋನನ್ನು ಸ್ರವಿಸುತ್ತದೆ. ಆ ಹಾರ್ಮೋನಿನ ಮಾತನ್ನು ದೇಹದ ಜೀವಕೋಶಗಳು ಕೇಳಬೇಕು. ಕೆಲವರಲ್ಲಿ ಹಾರ್ಮೋನು ಬಂದು ಬಾಗಿಲು ತಟ್ಟುತ್ತದೆ, ಒಳಗೆ ಕೇಳಿಸಿಕೊಳ್ಳುವವರೇ ಇರುವುದಿಲ್ಲ. ವೈ ವರ್ಣತಂತು ಇದೆ, ವೃಷಣ ಹೊಟ್ಟೆಯೊಳಗೆ ಇದೆ, ಟೆಸ್ಟೋಸ್ಟೀರಾನ್ ಕೂಡ ಇದೆ. ಆದರೂ ಮಗು ಹೆಣ್ಣಾಗಿಯೇ ಹುಟ್ಟುತ್ತದೆ, ಹೆಣ್ಣಾಗಿಯೇ ಬೆಳೆಯುತ್ತದೆ. ಮುಟ್ಟಾಗಲಿಲ್ಲವೆಂದು ಡಾಕ್ಟರ ಬಳಿ ಹೋದಾಗಲೇ ಎಷ್ಟೋ ಮನೆಗಳಲ್ಲಿ ವಿಷಯ ತಿಳಿಯುವುದು.

ಸ್ಪೇನಿನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೊಸೆ ಮಾರ್ಟಿನೆಜ್ ಪಟಿನ್ಯೊ ಅವರಿಗೆ ತಿಳಿದದ್ದು ಮಾತ್ರ ಮೈದಾನದಲ್ಲಿ. 1983ರಲ್ಲಿ ಹೆಲ್ಸಿಂಕಿಯಲ್ಲಿ ಆಕೆಗೆ ‘ಹೆಣ್ಣು’ ಎಂದು ಸರ್ಟಿಫಿಕೇಟ್ ಕೊಟ್ಟಿದ್ದರು. 1985ರಲ್ಲಿ ಜಪಾನಿನ ಕೋಬೆಯಲ್ಲಿ ನಡೆದ ವಿಶ್ವವಿದ್ಯಾಲಯಗಳ ಕ್ರೀಡಾಕೂಟಕ್ಕೆ ಹೊರಟಾಗ ಅದನ್ನು ಮನೆಯಲ್ಲಿ ಮರೆತರು. ಮತ್ತೆ ಪರೀಕ್ಷೆಯಾಯಿತು, ಫಲಿತಾಂಶ ತಿರುಗಿಬಿತ್ತು. ಗಾಯವಾಗಿದೆಯೆಂದು ನಟಿಸಿ ಹಿಂದೆ ಸರಿಯಬೇಕೆಂಬ ಸಲಹೆ ಸಿಕ್ಕಿತು. ಮುಂದಿನ ವರ್ಷ ಆಕೆ ಅದನ್ನು ಒಪ್ಪದೆ ಓಡಿ ಗೆದ್ದಾಗ ಗುಟ್ಟು ಪತ್ರಿಕೆ ಸೇರಿತು. ದಾಖಲೆಗಳು ಹೋದವು, ವಿದ್ಯಾರ್ಥಿವೇತನ ಹೋಯಿತು, ಮದುವೆ ನಿಶ್ಚಯವಾಗಿದ್ದ ಹುಡುಗನೂ ಹೋದ. ಆಕೆಯ ದೇಹಕ್ಕೆ ಟೆಸ್ಟೋಸ್ಟೀರಾನಿನ ಮಾತು ಕೇಳಿಸುವುದೇ ಇಲ್ಲವೆಂದು ವಾದಿಸಿ, 1988ರಲ್ಲಿ ಮತ್ತೆ ಓಡುವ ಹಕ್ಕು ಪಡೆಯುವಷ್ಟರಲ್ಲಿ ಆಟದ ವಯಸ್ಸು ಕಳೆದಿತ್ತು.

ಆಕೆಯನ್ನು ಕೆಡವಿದ ಪರೀಕ್ಷೆಯ ಕಥೆ ಕುತೂಹಲದ್ದು. 1966ರಲ್ಲಿ ಬುಡಾಪೆಸ್ಟ್‌ನ ಯೂರೋಪಿಯನ್ ಕೂಟದಲ್ಲಿ ಆಟಗಾರ್ತಿಯರನ್ನು ಬಟ್ಟೆ ಬಿಚ್ಚಿಸಿ ನೋಡಲಾಗಿತ್ತು. ಆ ಅವಮಾನ ತಪ್ಪಿಸಲು, 1968ರ ಮೆಕ್ಸಿಕೊ ಒಲಿಂಪಿಕ್ಸ್ ಹೊತ್ತಿಗೆ, ಕೆನ್ನೆಯ ಒಳಭಾಗದಿಂದ ಕೋಶಗಳನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನ ಬಂತು. ಎರಡು ಎಕ್ಸ್ ಇರುವ ಕೋಶದಲ್ಲಿ ಒಂದು ಎಕ್ಸ್ ಮುದುಡಿ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಚುಕ್ಕೆ ಇದ್ದರೆ ಹೆಣ್ಣು. ಸ್ವಲ್ಪ ಯೋಚಿಸಿ ನೋಡಿ: ಎರಡು ಎಕ್ಸ್ ಜೊತೆಗೆ ಒಂದು ವೈ ಇರುವ ಗಂಡಸರೂ ಇದ್ದಾರೆ, ಅವರು ಈ ಪರೀಕ್ಷೆಯಲ್ಲಿ ಹೆಣ್ಣಾಗಿ ಪಾಸಾಗುತ್ತಾರೆ! ಒಂದೇ ಎಕ್ಸ್ ಇರುವ ಹೆಂಗಸರು ಫೇಲಾಗುತ್ತಾರೆ. ಇಂಥ ಪರೀಕ್ಷೆ ಎರಡು ದಶಕ ನಡೆಯಿತು.

ನಂತರ ಎಸ್.ಆರ್.ವೈ. ವಂಶವಾಹಿಯನ್ನೇ ಹುಡುಕುವ ಕ್ರಮ ಬಂತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ 3,387 ಆಟಗಾರ್ತಿಯರನ್ನು ಪರೀಕ್ಷಿಸಿದರು. ಎಂಟು ಮಂದಿಯಲ್ಲಿ ಆ ವಂಶವಾಹಿ ಸಿಕ್ಕಿತು. ಏಳು ಮಂದಿಯ ದೇಹ ಟೆಸ್ಟೋಸ್ಟೀರಾನಿಗೆ ಪೂರ್ತಿಯಾಗಿಯೋ ಅರ್ಧಂಬರ್ಧವಾಗಿಯೋ ಕಿವುಡಾಗಿತ್ತು. ಎಂಟೂ ಮಂದಿಗೆ ಆಡಲು ಅವಕಾಶ ಸಿಕ್ಕಿತು. ಗಂಡಸು ವೇಷ ಹಾಕಿಕೊಂಡು ಬಂದದ್ದು ಒಂದೂ ಇಲ್ಲ. 1999ರಲ್ಲಿ ಒಲಿಂಪಿಕ್ ಸಮಿತಿ ಎಲ್ಲರಿಗೂ ಪರೀಕ್ಷೆ ಎಂಬ ಪದ್ಧತಿಯನ್ನು ಕೈಬಿಟ್ಟಿತು.

ಹಾಗಾದರೆ ಗೆರೆಯೇ ಬೇಡವೇ? ಹಾಗೆನ್ನುವವರ ಜೊತೆ ನನಗೆ ಒಪ್ಪಿಗೆಯಿಲ್ಲ. 100 ಮೀಟರ್ ಓಟದಲ್ಲಿ ಉಸೇನ್ ಬೋಲ್ಟ್ 2009ರಲ್ಲಿ ಬರೆದ ದಾಖಲೆ 9.58 ಸೆಕೆಂಡು, ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ 1988ರಲ್ಲಿ ಬರೆದದ್ದು 10.49. ಹತ್ತಿರ ಹತ್ತಿರ ಶೇಕಡಾ 10ರ ಅಂತರ. ಹರೆಯಕ್ಕೆ ಬಂದಾಗ ಹುಡುಗರಲ್ಲಿ ಏರುವ ಟೆಸ್ಟೋಸ್ಟೀರಾನ್ ಸ್ನಾಯು, ಮೂಳೆ, ರಕ್ತದ ಹಿಮೋಗ್ಲೋಬಿನ್ ಎಲ್ಲವನ್ನೂ ಹೆಚ್ಚಿಸುತ್ತದೆ. ಹೆಂಗಸರಿಗೆ ಪ್ರತ್ಯೇಕ ವಿಭಾಗವಿಲ್ಲದಿದ್ದರೆ ಒಲಿಂಪಿಕ್ ಓಟದ ಫೈನಲ್‌ನಲ್ಲಿ ಹೆಣ್ಣುಮಕ್ಕಳೇ ಇರುವುದಿಲ್ಲ. ಎರಡನೆಯ ಲೇನಿನಲ್ಲಿ ಓಡುವ ಹುಡುಗಿಗೂ ನ್ಯಾಯ ಸಿಗಬೇಕು.

ಆ ಕಾರಣಕ್ಕೇ 2011ರಲ್ಲಿ ಹಾರ್ಮೋನಿನ ಅಳತೆಯ ನಿಯಮ ಬಂತು. 2014ರಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಮುನ್ನ ಒಡಿಶಾದ ನೇಕಾರರ ಮಗಳು ದ್ಯುತಿ ಚಾಂದ್ ಅವರನ್ನು ತಂಡದಿಂದ ಕೈಬಿಟ್ಟದ್ದು ಇದರಡಿ. ಆಕೆ ಸುಮ್ಮನೆ ಕೂರಲಿಲ್ಲ. ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿಗೆ ಹೋದರು. ಹುಟ್ಟಿನಿಂದ ಬಂದ ಹೆಚ್ಚಿನ ಹಾರ್ಮೋನು ಎಷ್ಟು ಲಾಭ ಕೊಡುತ್ತದೆಂಬುದಕ್ಕೆ ಸಾಕಷ್ಟು ಪುರಾವೆಯಿಲ್ಲವೆಂದು ಮಂಡಳಿ 2015ರಲ್ಲಿ ನಿಯಮಕ್ಕೆ ತಡೆ ಕೊಟ್ಟಿತು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಅದೇ ದ್ಯುತಿ ಎರಡು ಬೆಳ್ಳಿ ಗೆದ್ದರು. ಆದರೆ ಅದೇ ವರ್ಷ ಹೊಸ ನಿಯಮ ಬಂತು, ಈ ಬಾರಿ 400 ಮೀಟರ್‌ನಿಂದ ಒಂದು ಮೈಲಿವರೆಗಿನ ಓಟಗಳಿಗೆ. ದಕ್ಷಿಣ ಆಫ್ರಿಕಾದ ಕ್ಯಾಸ್ಟರ್ ಸೆಮೆನ್ಯಾ ಅದನ್ನು ಪ್ರಶ್ನಿಸಿ 2019ರಲ್ಲಿ ಸೋತರು. ನಿಯಮ ತಾರತಮ್ಯದ್ದೇ, ಆದರೂ ಅಗತ್ಯ ಎಂದಿತು ಅದೇ ಮಂಡಳಿ. ಆಕೆಯ ಅಹವಾಲನ್ನು ನ್ಯಾಯಯುತವಾಗಿ ಆಲಿಸಲಿಲ್ಲವೆಂದು ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2025ರಲ್ಲಿ ಹೇಳಿತು.

2025ರ ಸೆಪ್ಟೆಂಬರ್ 1ರಿಂದ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಮತ್ತೆ ಎಸ್.ಆರ್.ವೈ. ಪರೀಕ್ಷೆಗೇ ಮರಳಿತು: ಜೀವಮಾನದಲ್ಲಿ ಒಮ್ಮೆ, ಕೆನ್ನೆಯ ಕೋಶ ಅಥವಾ ರಕ್ತದಿಂದ. ಹಾರ್ಮೋನಿಗೆ ಪೂರ್ತಿ ಕಿವುಡಾದ ದೇಹದವರಿಗೆ ವಿನಾಯಿತಿ ಇಟ್ಟದ್ದು ಪಟಿನ್ಯೊ ಅವರ ಹೋರಾಟದಿಂದ ಕಲಿತ ಪಾಠ. ಅರ್ಧಂಬರ್ಧ ಕೇಳುವವರ ಪಾಡೇನು? ವಂಶವಾಹಿ ಇದೆಯೆಂದು ಪರೀಕ್ಷೆ ಹೇಳಬಲ್ಲದು, ಅದು ಎಷ್ಟು ಕೆಲಸ ಮಾಡಿದೆಯೆಂದು ಹೇಳಲಾರದು. ಆ ವಂಶವಾಹಿಯನ್ನು ಕಂಡುಹಿಡಿದವರಲ್ಲೊಬ್ಬರಾದ ಆಂಡ್ರೂ ಸಿಂಕ್ಲೇರ್ ಅವರೇ ಈ ಬಳಕೆಯನ್ನು ಬಹಿರಂಗವಾಗಿ ವಿರೋಧಿಸಿದರು.

ಇದರೊಡನೆ ಇನ್ನೊಂದು ವಿಷಯವನ್ನು ಬೆರೆಸುವುದು ವಾಡಿಕೆಯಾಗಿದೆ. ಗಂಡಾಗಿ ಹರೆಯ ದಾಟಿ ನಂತರ ಹೆಣ್ಣಾಗಿ ಬಾಳುವವರು ಮಹಿಳಾ ವಿಭಾಗದಲ್ಲಿ ಆಡಬಹುದೇ ಎಂಬುದು ಬೇರೆಯೇ ಪ್ರಶ್ನೆ. 2023ರಲ್ಲಿ ಅಥ್ಲೆಟಿಕ್ಸ್ ಸಂಸ್ಥೆ ಬೇಡವೆಂದಿತು. ಹರೆಯದಲ್ಲಿ ಬೆಳೆದ ಮೂಳೆ, ಎತ್ತರ ಹಿಂದಕ್ಕೆ ಹೋಗುವುದಿಲ್ಲವಾದ್ದರಿಂದ ಆ ನಿರ್ಧಾರ ನನಗೆ ಸರಿಯೆನಿಸುತ್ತದೆ. ಆದರೆ ಆಟದ ಗೆರೆಯನ್ನು ಊರಿನ ಬದುಕಿಗೆಲ್ಲ ಎಳೆಯಬಾರದು. 2014ರಲ್ಲಿ ಸುಪ್ರೀಂ ಕೋರ್ಟು ತನ್ನ ಲಿಂಗವನ್ನು ಗುರುತಿಸಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದೆಂದಿತು. 2021ರಲ್ಲಿ ಕರ್ನಾಟಕ ಸರ್ಕಾರ ನೌಕರಿಗಳಲ್ಲಿ ಶೇಕಡಾ 1 ಮೀಸಲಾತಿ ಕೊಟ್ಟಿತು. ಗುಮಾಸ್ತೆಯ ಕೆಲಸಕ್ಕೆ ಸ್ನಾಯುವಿನ ಬಲ ಅಳೆಯಬೇಕಿಲ್ಲ.

ಮಗಳು ಜಿಲ್ಲಾ, ರಾಜ್ಯ ಮಟ್ಟದಲ್ಲಿ ಓಡುತ್ತಿದ್ದರೆ ಹೆತ್ತವರು ತಿಳಿದಿರಬೇಕಾದದ್ದು ಇಷ್ಟು. ಈ ಪರೀಕ್ಷೆ ವಿಶ್ವಮಟ್ಟದ ಸ್ಪರ್ಧೆಗಳಿಗಾಗಿ ಬಂದದ್ದು. ತಾಲ್ಲೂಕು ಕೂಟದಲ್ಲಿ ಎದುರು ತಂಡದವರು ‘ಇವಳ ದನಿ ಗಡಸು, ಕೂದಲು ಗಿಡ್ಡ’ ಎಂದು ಆಕ್ಷೇಪಿಸಿದರೆ ಪರೀಕ್ಷೆಗೆ ಒಪ್ಪಬೇಕಿಲ್ಲ. ಹದಿನಾರು ತುಂಬಿದರೂ ಮುಟ್ಟಾಗದಿದ್ದರೆ ‘ಓಡುವ ಹುಡುಗಿ, ತಡವಾಗುತ್ತದೆ’ ಎಂದು ಕಾಯದೆ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಮೈದಾನದಲ್ಲಿ ತಿಳಿಯುವುದಕ್ಕಿಂತ ಆಸ್ಪತ್ರೆಯಲ್ಲಿ ತಿಳಿಯುವುದು ಮೇಲು. ಮುಂದೆಂದಾದರೂ ಯಾರಾದರೂ ರಕ್ತ ಕೇಳಿದರೆ ಕೊಡುವ ಮೊದಲು ಕೇಳಿ: ಯಾವ ಪರೀಕ್ಷೆ, ಯಾವ ನಿಯಮದಡಿ, ಫಲಿತಾಂಶ ಮೊದಲು ಯಾರ ಕೈಗೆ ಹೋಗುತ್ತದೆ? ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.